ಗಂಗವ್ವನ ಕೈ

ಮೊನ್ನೆ ಲಕ್ಷ್ಮೇಶ್ವರದಲ್ಲಿ ಕೆಲಸವಿತ್ತು. ಗದಗಿನಿಂದ ನೇರವಾಗಿ ಹೋಗುವ ಬಸ್ಸು ತಪ್ಪಿತು. ಬಸ್ಸು ತಪ್ಪಿಸಿಕೊಳ್ಳುವುದು ನನ್ನ ಅಭ್ಯಾಸವಲ್ಲ. ಆ ದಿನ ಬಸ್ಸೇ ಬೇಗ ಹೊರಟುಹೋಗಿತ್ತು. ಮಾಗಡಿಯ ಮೇಲೆ ಹೋಗುವ ಇನ್ನೊಂದನ್ನು ಹತ್ತಿ ಕೂತೆ. ಮಾಗಡಿ ಕೆರೆ ಕಣ್ಣಿಗೆ ಬೀಳುವ ಹೊತ್ತಿಗೆ ಕಿಟಕಿಯಿಂದ ಆಷಾಢದ ಗಾಳಿ ನುಗ್ಗಿತು. ಮಳೆ ಇಲ್ಲದ ಬರೀ ಗಾಳಿ. ಹೊಲದ ಸಣ್ಣ ಧೂಳನ್ನು ಎತ್ತಿ ತಂದು ಹಲ್ಲಿನ ನಡುವೆ ಇಡುವಂಥದ್ದು. ಆ ಧೂಳಿನ ರುಚಿ ನಾಲಗೆಗೆ ತಗುಲಿ ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಂಡರೆ, ನನ್ನ ಬಲಗೈ ನನ್ನ ಎಡಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕೂತಿತ್ತು. ಯಾವಾಗ ಹಿಡಿಯಿತೋ ತಿಳಿಯಲಿಲ್ಲ.

ಕೆರೆಯಲ್ಲಿ ಒಂದೂ ಹಕ್ಕಿ ಇರಲಿಲ್ಲ. ದೂರದೇಶದ ಹಕ್ಕಿಗಳು ಚಳಿಗಾಲಕ್ಕೆ ಬಂದು ಬೇಸಿಗೆಗೆ ಮೊದಲೇ ಹೋಗುತ್ತವೆ. ನಾಲ್ಕು ವರ್ಷಗಳ ಹಿಂದೆ ನಾನು ಈ ಊರಿಗೆ ಬರುತ್ತಿದ್ದುದೂ ಹೀಗೆ ಕೆರೆ ಬರಿದಾಗಿದ್ದ ದಿನಗಳಲ್ಲೇ. ನೀಲವ್ವನ ಮನೆಗೆ.

ನಾನು ಆಕ್ಯುಪೇಶನಲ್ ಥೆರಪಿಸ್ಟ್. ಇಷ್ಟು ವರ್ಷಗಳ ಮೇಲೂ ಈ ಹೆಸರು ಹೇಳಿದ ಕೂಡಲೇ ಎದುರಿನವರು "ಅಂದ್ರ ನರ್ಸೇನ್ರಿ?" ಎನ್ನುತ್ತಾರೆ. ಮುರಿದ ಎಲುಬನ್ನು ಡಾಕ್ಟರು ಕೂಡಿಸುತ್ತಾರೆ. ಬಿದ್ದವರನ್ನು ಫಿಜಿಯೋಥೆರಪಿಯವರು ಎಬ್ಬಿಸಿ ನಡೆಸುತ್ತಾರೆ. ಎದ್ದು ನಿಂತವರು ತಮ್ಮ ಸೀರೆ ತಾವು ಉಡುವಂತೆ, ತಮ್ಮ ತುತ್ತು ತಾವು ಕಲಸುವಂತೆ, ತಲೆ ಬಾಚಿಕೊಂಡು ಜಡೆ ಹೆಣೆದುಕೊಳ್ಳುವಂತೆ ಮಾಡುವುದು ನಮ್ಮ ಕೆಲಸ. ನಾನು ಓದಿಗೆ ಸೇರಿದಾಗ, ಡಾಕ್ಟರ್ ಸೀಟು ಸಿಗದವರು ಇದಕ್ಕೆ ಹೋಗುತ್ತಾರೆ ಎಂದು ನೆಂಟರು ಮರುಗಿದ್ದರು. ನನಗೆ ಮರುಕವೇನೂ ಇರಲಿಲ್ಲ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ದಿನದ ಸಣ್ಣ ಕೆಲಸಗಳು ತಮ್ಮ ತಮ್ಮ ಹೊತ್ತಿಗೆ ನಡೆದರೆ ಮನುಷ್ಯ ಅರ್ಧ ನೆಟ್ಟಗಾಗುತ್ತಾನೆ ಎಂದು ಚಿಕ್ಕಂದಿನಲ್ಲೇ ನಂಬಿದ್ದೆ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕೆಲಸ ಮುಗಿಸಿ, ನಿವೃತ್ತಿಯಾಗಿ ಬೆಟಗೇರಿಯ ಮನೆಗೆ ಬಂದ ಮೇಲೂ ಸುಮ್ಮನೆ ಕೂಡಲಾಗಲಿಲ್ಲ. ಸುತ್ತಲ ಊರುಗಳಿಗೆ, ಕರೆದವರ ಮನೆಗೇ ಹೋಗಿ ಕೆಲಸ ಕಲಿಸತೊಡಗಿದೆ. ಲಕ್ವ ಹೊಡೆದ ನೀಲವ್ವನಿಗಾಗಿ ಮಾಗಡಿಯಿಂದ ಕರೆ ಬಂದದ್ದು ಹಾಗೆ.

ನನ್ನನ್ನು ಕರೆದುಕೊಂಡು ಹೋಗಲು ಬಸ್ ನಿಲ್ದಾಣಕ್ಕೆ ಬಂದವಳು ರೇಖಾ, ನೀಲವ್ವನ ಮೊಮ್ಮಗಳು. ಪಿಯುಸಿ ಮುಗಿಸಿ ಮುಂದೇನು ಎಂದು ತಿಳಿಯದೆ ಮನೆಯಲ್ಲಿದ್ದ ಹುಡುಗಿ. ಅವಳ ತಂದೆ ತಾಯಿ ಶಿರಹಟ್ಟಿಯಲ್ಲಿ ಬಟ್ಟೆ ಅಂಗಡಿ ನಡೆಸುವವರು. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಹಗಲು ಹೊತ್ತು ಆ ದೊಡ್ಡ ಮಾಳಿಗೆ ಮನೆಯಲ್ಲಿ ಅಜ್ಜ ಫಕೀರಪ್ಪ, ಅಜ್ಜಿ ನೀಲವ್ವ, ರೇಖಾ, ಮೂವರೇ.

ಮೂವರೇ ಎಂದು ನಾನು ತಿಳಿದುಕೊಂಡಿದ್ದೆ.

ಫಕೀರಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ಎತ್ತರದ, ನೇರ ಬೆನ್ನಿನ ಮುದುಕರು. "ನೀವೇನ್ರಿ ಲಕ್ವದ ಅಕ್ಕಾರು?" ಎಂದರು.

"ಹೂಂನ್ರಿ."

"ಎಣ್ಣಿ ಹಚ್ಚಿ ತಿಕ್ಕತೀರೇನು?"

"ತಿಕ್ಕಂಗಿಲ್ರಿ. ಕೆಲಸ ಮಾಡಾಕ ಕಲಸ್ತೀನಿ."

"ಈ ಮನಿಗೆ ಬಂದಲಾಗಾಯ್ತು ಕೆಲಸ ಮಾಡಿದಾಕಿಗೆ ಮತ್ತೇನು ಕಲಸ್ತೀರಿ ನೀವು?" ಎಂದು ನಕ್ಕರು. ನಗು ಬೇಗ ನಿಂತಿತು. "ಒಳಗ ಹೋಗ್ರಿ. ಆದ್ರ ಒಂದ್ ಮಾತು ಅಕ್ಕಾರ. ಆಕಿ ಏನಾರ ಅಂದ್ರ ಹೆದರಬ್ಯಾಡ್ರಿ."

ಪಡಸಾಲೆಯ ಮಂಚದ ಮೇಲೆ ನೀಲವ್ವ ಗೋಡೆಗೆ ಒರಗಿ ಕೂತಿದ್ದಳು. ಬಲಗಡೆಯ ಕೂದಲು ಎಣ್ಣೆ ಹಚ್ಚಿ ಒಪ್ಪವಾಗಿ ಬಾಚಿತ್ತು. ಎಡಗಡೆಯದು ಗಂಟುಗಂಟಾಗಿ ಹಾಗೇ ಬಿದ್ದಿತ್ತು. ಕುಂಕುಮ ಹಣೆಯ ನಡುವಿನಿಂದ ಬಲಕ್ಕೆ ಸರಿದಿತ್ತು. ಬಲಗೈ ತುಂಬ ಹಸಿರು ಬಳೆ. ಎಡಗೈ ಮಡಿಲಲ್ಲಿತ್ತು, ಅದರ ಮೇಲೆ ಬಿಳಿ ವಸ್ತ್ರ ಹೊದಿಸಿತ್ತು.

"ಇದನ್ಯಾಕ ಮುಚ್ಚೀರಿ?" ಎಂದು ಕೇಳಿದೆ.

"ಹೊಸಬರು ಬಂದ್ರ ನಾಚತಾಳ್ರಿ ಆಕಿ," ಎಂದಳು ನೀಲವ್ವ, ಬಹಳ ಸಹಜವಾಗಿ.

"ಯಾರು?"

"ಗಂಗವ್ವ. ನನ್ನ ನೆಗೆಣ್ಣಿ. ಇವ್ರ ತಮ್ಮನ ಹೆಂಡ್ತಿ." ಬಲಗೈಯಿಂದ ವಸ್ತ್ರ ಸರಿಸಿ ಕೈಯನ್ನು ತೋರಿಸಿದಳು. "ನೋಡ್ರಿ, ಹೆಂಗ ಬಿದ್ದಾಳ. ಎಷ್ಟ್ ಸಲ ಹೇಳೇನಿ, ಏಳ, ನಿನ್ನ ಹಾಸಗಿಗೆ ಹೋಗ ಅಂತ. ಕೇಳಂಗಿಲ್ಲ."

ಗಂಗವ್ವ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು ಎಂದು ರೇಖಾ ಬಾಗಿಲ ಬಳಿ ಪಿಸುಗುಟ್ಟಿದಳು.

ಇದರಲ್ಲಿ ದೆವ್ವದ ಮಾತೇನೂ ಇಲ್ಲವೆಂದು ನನಗೆ ಆ ಕ್ಷಣವೇ ಗೊತ್ತಿತ್ತು. ಮಿದುಳಿನ ಬಲಭಾಗಕ್ಕೆ ರಕ್ತ ನಿಂತರೆ ಕೆಲವರಿಗೆ ಎಡಗಡೆಯ ಲೋಕವೇ ಅಳಿಸಿಹೋಗುತ್ತದೆ. ಅರ್ಧ ತಲೆ ಬಾಚುತ್ತಾರೆ, ಅರ್ಧ ತಾಟು ಉಣ್ಣುತ್ತಾರೆ. ಅವರಲ್ಲಿ ಇನ್ನೂ ಕೆಲವರು, ಎಡಗೈ ತಮ್ಮದಲ್ಲ, ಬೇರೆ ಯಾರದೋ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಇಂಥವರನ್ನು ಕಂಡಿದ್ದೆ. ಒಬ್ಬರು ಅದು ಪಕ್ಕದ ಮಂಚದವನ ಕೈ ಎನ್ನುತ್ತಿದ್ದರು. ಆದರೆ ಆಸ್ಪತ್ರೆಯಲ್ಲಿ ಅದು ಒಂದು ಲಕ್ಷಣವಾಗಿತ್ತು. ಇಲ್ಲಿ ಆ ಕೈಗೆ ಹೆಸರಿತ್ತು, ಮನೆಯಲ್ಲಿ ಮಲಗುವ ಕೋಣೆಯಿತ್ತು, ಸಂಬಂಧವಿತ್ತು.

ಮತ್ತು ಆ ಮಣಿಕಟ್ಟು ಬೋಳಾಗಿತ್ತು. ಗಂಡ ಎದುರಿಗೇ ಇರುವ ಹೆಂಗಸು. ಒಂದು ಕೈ ತುಂಬ ಬಳೆ, ಇನ್ನೊಂದು ಕೈ ಬರಿದು. "ಆಸ್ಪತ್ರಿಯಾಗ ತಗದಿದ್ರಿ," ಎಂದಳು ರೇಖಾ. "ಮನಿಗೆ ಬಂದ್ ಮ್ಯಾಲ ಹಾಕಿಸ್ಕೊಳ್ಳವಲ್ಲಳು. ಗಂಗವ್ವಾಯಿ ಗಂಡ ಇಲ್ಲದಾಕಿ, ಆಕಿ ಕೈಗೆ ಬಳಿ ಹೆಂಗ ಇಡತೀರಿ ಅಂತಾಳ."

ನಾನು ಹೊರಗೆ ಬಂದಾಗ ಫಕೀರಪ್ಪನವರು ಅಲ್ಲೇ ಕೂತಿದ್ದರು. ಗಾಳಿಗೆ ಅಂಗಳದ ಬೇವಿನ ಮರ ಒಂದೇ ಕಡೆಗೆ ಬಾಗಿತ್ತು. ಅವರು ನನ್ನ ಮುಖ ನೋಡದೆ ಹೇಳಿದರು, "ಅಕ್ಕಾರ, ನಾ ಇನ್ನೂ ಸತ್ತಿಲ್ರಿ. ನನ್ನ ಹೆಂಡ್ತಿ ಅರ್ಧ ಮುಂಡಿ ಆಗಿ ಕುಂತಾಳ. ದಿನಾ ಮುಂಜಾನಿ ಎದ್ದು ಆ ಕೈ ನೋಡತೀನಿ. ಇದು ನನಗ ಬಂದ ಖಬರ ಇದ್ದಂಗ ಐತಿ."

"ಹಂಗೇನಿಲ್ರಿ. ಮಿದುಳಿಗೆ ಪೆಟ್ಟು ಬಿದ್ದೈತಿ, ಅಷ್ಟ."

"ಪಂಚಮಿ ಒಳಗ ಆಕಿ ಆ ಕೈಗೆ ಬಳಿ ಇಟ್ಕೋಬೇಕ್ರಿ. ಮನಿ ಹೆಣಮಕ್ಕಳೆಲ್ಲ ಹೊಸ ಬಳಿ ಇಟ್ಕೋತಾರ. ಆಕಿ ಇಟ್ಕೊಳ್ಳಲಿಲ್ಲಂದ್ರ ನಾ ಶ್ರಾವಣ ದಾಟಂಗಿಲ್ಲ. ಇದು ಖರೆ."

ಒಪ್ಪಿಕೊಂಡೆ. ದಿನ ಗೊತ್ತಾದ ಕೆಲಸ ನನಗೆ ಸುಲಭ.

ಮರುದಿನದಿಂದ ಶಿಸ್ತಿನಲ್ಲಿ ಆರಂಭವಾಯಿತು. ಬೆಳಿಗ್ಗೆಯ ಬಸ್ಸಿಗೆ ಹೋಗಿ, ಮಧ್ಯಾಹ್ನದ ಬಸ್ಸಿಗೆ ಮರಳುವುದು. ಮಂಚವನ್ನು ತಿರುಗಿಸಿ ಬಾಗಿಲು, ಬೆಳಕು, ಮಾತಾಡುವವರು ಎಲ್ಲರೂ ಅವಳ ಎಡಗಡೆಗೆ ಬರುವಂತೆ ಮಾಡಿದೆ. ಮೈ ತೊಳೆಯುವಾಗ ಎಡಗೈಗೆ ಮೊದಲು ನೀರು. ಕುಪ್ಪಸ ತೊಡುವಾಗ ಎಡತೋಳು ಮೊದಲು. ಪ್ರತಿ ಸಲವೂ "ಇದು ಯಾರ ಕೈ?" ಎಂದು ಕೇಳುವುದು, "ಇದು ನಿಮ್ಮ ಕೈ" ಎಂದು ಹೇಳುವುದು.

ನೀಲವ್ವ ಜಾಣೆ, ಮಾತಿನಲ್ಲಿ ಚುರುಕು. ವಾದದಲ್ಲಿ ಒಮ್ಮೆಯೂ ಸೋಲಲಿಲ್ಲ. ಹೆಗಲಿನಿಂದ ಬೆರಳು ಇಳಿಸುತ್ತಾ ಬನ್ನಿ ಎಂದೆ. ತನ್ನ ಬಲಗೈ ಬೆರಳಿಂದ ಎಡ ಹೆಗಲು ಮುಟ್ಟಿದಳು. "ಇದು ನಂದು." ತೋಳು, "ಇದೂ ನಂದು." ಮೊಳಕೈ ದಾಟುವಾಗ ಬೆರಳು ನಿಂತಿತು. "ಇಲ್ಲಿತನಾ ನಂದು. ಮುಂದ ಆಕೀದು."

"ನಡುವ ಹೊಲಿಗಿ ಎಲ್ಲೈತ್ರಿ ಹಂಗಾರ?" ಎಂದೆ.

"ಅಕ್ಕಾರ, ಒಂದ ಮನಿಯಾಗ ಇಷ್ಟು ವರ್ಷ ಬಾಳೇ ಮಾಡೇವಿ. ಹೊಲಿಗಿ ಯಾಕ ಕಾಣತೈತಿ?"

ರೇಖಾ ಬಾಯಿಗೆ ಕೈ ಒತ್ತಿ ನಕ್ಕಳು. ನನಗೂ ನಗು ಬಂತು. ಆದರೆ ಮೊಳಕೈಯ ಕೆಳಗೆ ಮುಟ್ಟಿದಾಗ ಆ ಕೈ ತಣ್ಣಗಿತ್ತು. ಲಕ್ವ ಹೊಡೆದ ಕೈ ತಣ್ಣಗಿರುವುದು ಸಾಮಾನ್ಯ. ಆದರೂ ಬೆಚ್ಚಗಿನ ತೋಳಿನಿಂದ ಕೆಳಗಿಳಿಯುತ್ತ ಬಂದ ನನ್ನ ಬೆರಳಿಗೆ ಆ ತಂಪು ಸರಿಯಾಗಿ ಅವಳು ಹೇಳಿದ ಜಾಗದಲ್ಲೇ ಶುರುವಾಯಿತು.

ಕಪಾಟಿನ ಕನ್ನಡಿಯ ಮುಂದೆ ಕೂರಿಸಿದೆ. ಕೆಲವರಿಗೆ ಕನ್ನಡಿಯಲ್ಲಿ ಕಂಡಾಗ ತಮ್ಮ ಕೈ ತಮ್ಮದೆನಿಸುತ್ತದೆ. ನೀಲವ್ವ ಕನ್ನಡಿಯನ್ನು ಬಹಳ ಹೊತ್ತು ನೋಡಿದಳು. "ಆ ಕೈ ನಂದಾ," ಎಂದಳು. ನನಗೆ ಗೆದ್ದಂತಾಯಿತು. ಆಮೇಲೆ ಅವಳು ಕಣ್ಣು ಇಳಿಸಿ ಮಡಿಲು ನೋಡಿಕೊಂಡಳು. "ಕನ್ನಡಿಯೊಳಗ ನಾ ಒಬ್ಬಾಕೇ ಅದೇನಿ ಅಕ್ಕಾರ. ಆಕಿ ಇಲ್ಲೇ ಈಕಡೆ ಉಳದಾಳ."

ಊಟದ ಹೊತ್ತಿಗೆ ರೊಟ್ಟಿಯ ಬಲ ಅರ್ಧವನ್ನು ಮಾತ್ರ ತಿಂದು ಕೈ ತೊಳೆಯುತ್ತಿದ್ದಳು. ಎಡ ಅರ್ಧ, ಅರ್ಧ ಚಂದ್ರನಂತೆ ಕೊಯ್ದಿಟ್ಟ ಹಾಗೆ, ತಾಟಿನಲ್ಲೇ ಉಳಿಯುತ್ತಿತ್ತು. ಆ ಅರ್ಧ ಅವಳಿಗೆ ಕಾಣುವುದಿಲ್ಲ, ತಾಟು ತಿರುಗಿಸಿ ಎಂದು ರೇಖಾಗೆ ತೋರಿಸಿಕೊಟ್ಟೆ. ತಿರುಗಿಸಿದರೆ, "ಈಗ ಮತ್ತ ಹಾಕಿದೇನು?" ಎಂದು ಅದನ್ನೂ ತಿನ್ನುತ್ತಿದ್ದಳು. ಆದರೆ ಕೆಲವು ದಿನಗಳ ಮೇಲೆ ನೋಡುತ್ತೇನೆ, ಎಡ ಅರ್ಧಕ್ಕೆ ಫಕೀರಪ್ಪನವರೇ ಒಂದು ಚಮಚ ಹಿಂಡಿ ಪಲ್ಯ ಹಾಕಿಸುತ್ತಿದ್ದಾರೆ. "ಇರಲಿ ಬಿಡ್ರಿ," ಎಂದರು ನನ್ನ ನೋಟಕ್ಕೆ. "ಗಂಗವ್ವ ಬದುಕಿದ್ದಾಗೂ ಉಳದದ್ದ ಉಂಡ್ಳು."

ನಾನು ಸಿಡುಕಿದೆ. ನೀವೇ ಹೀಗೆ ಮಾಡಿದರೆ ಆಕೆಗೆ ನಾನು ಏನು ಕಲಿಸಲಿ ಎಂದೆ. ಮನೆಯವರೆಲ್ಲರೂ ಆಗಲೇ ಆ ಕೈಯನ್ನು ಎಡವದಂತೆ, ಅದರ ಮೇಲಿಂದ ದಾಟದಂತೆ, ಮನುಷ್ಯರನ್ನು ಬಳಸಿ ಹೋಗುವಂತೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ, ಬಿಸಿಲು ಬಿಳಿಯಾಗಿ ಬಿದ್ದಿದ್ದಾಗ, ನಾನು ನೀಲವ್ವನ ಎದುರು ಕೂತು ಬಲಗೈಯಿಂದ ಕಾಳು ಎತ್ತಿಸುತ್ತಿದ್ದೆ. ಅವಳ ಪೂರ್ತಿ ಗಮನ ಕಾಳಿನ ಮೇಲಿತ್ತು. ಫಕೀರಪ್ಪನವರು ನೀರು ಕುಡಿಯಲು ಒಳಗೆ ಬಂದರು. ಮಡಿಲಲ್ಲಿದ್ದ ಎಡಗೈ ಮೆಲ್ಲಗೆ ಎದ್ದಿತು. ನಾನು ಎಷ್ಟು ಹೇಳಿದರೂ ಬೆರಳು ಅಲುಗಿಸದಿದ್ದ ಕೈ. ಎದೆಯ ಮೇಲಿನ ಸೆರಗನ್ನು ಬೆರಳುಗಳ ನಡುವೆ ಹಿಡಿದು ಎಳೆಯಿತು. ತಲೆಯ ಮೇಲಿನ ಸೆರಗು ಜಾರಿ ಹಣೆಯ ಮೇಲೆ, ಕಣ್ಣಿನವರೆಗೆ ಬಂತು. ನೀಲವ್ವನಿಗೆ ಅದರ ಪರಿವೆಯೇ ಇರಲಿಲ್ಲ. "ಯಾರು ಸೆರಗ ಜಗ್ಗಿದವರು?" ಎಂದು ಬಲಗೈಯಿಂದ ಸರಿಸಿಕೊಂಡಳು.

ಫಕೀರಪ್ಪನವರು ನೀರು ಕುಡಿಯದೆ ಹೊರಟುಹೋದರು.

"ಆಯಿ ಅಜ್ಜನ ಮುಂದ ಎಂದೂ ಹಿಂಗ ಮಾರಿ ಮುಚ್ಚಿಲ್ರಿ," ಎಂದಳು ರೇಖಾ. "ಗಂಗವ್ವಾಯಿ ಮುಚ್ಚತಿದ್ಲು. ಭಾವ ಅಂತ."

"ಹಿಡಿಯೋ ಗುಣ ಅದು," ಎಂದೆ. "ಸಣ್ಣ ಕೂಸಿನ ಬೆರಳಿಗೆ ಏನಾರ ತಾಗಿದ್ರ ಹಿಡಿತೈತಲ್ಲ, ಹಂಗ. ಸೆರಗು ಕೈಗೆ ತಾಗಿತ್ತು, ಹಿಡೀತು."

ಹೇಳಿದ್ದು ಸರಿಯಾಗಿಯೇ ಇತ್ತು. ಬಸ್ಸಿನಲ್ಲಿ ಮರಳುವಾಗ ಅದನ್ನೇ ಇನ್ನೊಮ್ಮೆ ನನಗೆ ನಾನು ಹೇಳಿಕೊಂಡೆ.

ಆಷಾಢ ಮುಗಿಯುತ್ತ ಬಂದಿತ್ತು. ಫಕೀರಪ್ಪನವರು ತಾಳ್ಮೆ ಕಳೆದುಕೊಂಡರು. ನಾನಿಲ್ಲದ ಹೊತ್ತಿನಲ್ಲಿ ಪೇಟೆಯಿಂದ ಬಳೆ ತಂದು, ತಾವೇ ಹಾಕಲು ಹೋದರಂತೆ. ಮರುದಿನ ರೇಖಾ ಹೇಳುತ್ತ ಅತ್ತಳು. ಅವರು ಎಡಗೈ ಹಿಡಿದ ಕೂಡಲೇ ನೀಲವ್ವ ಓಣಿಗೆ ಕೇಳುವಂತೆ ಚೀರಿದ್ದಳು: "ತಮ್ಮನ ಹೆಂಡ್ತಿ ಕೈ ಹಿಡಿತೀರೇನ್ರಿ? ನಾಚಿಕಿ ಬರಂಗಿಲ್ಲೇನು ನಿಮಗ?" ಬಲಗೈಯಿಂದ ಆ ಬಳೆಗಳನ್ನು ಕಸಿದು ಮಂಚದ ಕಟ್ಟಿಗೆಗೆ ಬಡಿದು ಒಡೆದಿದ್ದಳು. ಚೂರು ತಗುಲಿ ಎಡ ಮಣಿಕಟ್ಟಿನಲ್ಲಿ ರಕ್ತ ಬಂದಿತ್ತು. ನೀಲವ್ವ ರಕ್ತ ನೋಡಿ, "ಪಾಪ, ಆಕೀಗೆ ಹತ್ತಿತು," ಎಂದು ತನ್ನ ಸೆರಗಿನಿಂದಲೇ ಒತ್ತಿ ಹಿಡಿದಳಂತೆ.

ಫಕೀರಪ್ಪನವರು ಅಂದಿನಿಂದ ಪಡಸಾಲೆಯೊಳಗೆ ಕಾಲಿಡಲಿಲ್ಲ. ಬಾಗಿಲಲ್ಲಿ ನಿಲ್ಲುವುದು, ಅಲ್ಲಿಂದಲೇ ಮಾತಾಡುವುದು. ತುತ್ತು ಕಡಿಮೆಯಾಯಿತು. ಆ ನೇರ ಬೆನ್ನು ಕೆಲವೇ ದಿನಗಳಲ್ಲಿ ಬಾಗಿತು. ಲಕ್ವ ಹೊಡೆದದ್ದು ಹೆಂಡತಿಗೆ. ಕಣ್ಣೆದುರು ಕುಸಿಯುತ್ತಿದ್ದವರು ಇವರು.

ನಾನು ನನ್ನ ದಾರಿ ಬದಲಿಸಿದೆ. ನನ್ನ ಜೊತೆ ಓದಿದವರು ಯಾರಾದರೂ ಕಂಡಿದ್ದರೆ ಒಪ್ಪುತ್ತಿರಲಿಲ್ಲವೇನೋ. "ಯಾರ ಕೈ" ಎಂದು ಕೇಳುವುದನ್ನು ನಿಲ್ಲಿಸಿದೆ. ಬದಲಿಗೆ ಕೇಳಿದೆ, "ಗಂಗವ್ವ ಪಂಚಮಿಗೆ ಏನ್ ಕೆಲಸ ಮಾಡತಿದ್ರು?"

ನೀಲವ್ವನ ಮುಖ ಅರಳಿತು. "ಏನ್ ಮಾಡತಿದ್ಲು ಅಂತ ಕೇಳತೀರಾ? ಎಲ್ಲಾ ಆಕೀನ! ಶೇಂಗಾ ಹುರಿಯಾಕಿ ಆಕಿ, ಸಿಪ್ಪಿ ತಿಕ್ಕಾಕಿ ಆಕಿ, ಬೆಲ್ಲದ ಪಾಕ ನೋಡಾಕಿ ಆಕಿ. ನಾವು ಹೊಸ ಬಳಿ ಇಟ್ಕೊಂಡು ಜೋಕಾಲಿ ಆಡಾಕ ಹೊಂಟ್ರ, ಹಿತ್ತಲದಾಗ ಕುಂತು ಉಂಡಿ ಕಟ್ಟತಿದ್ಲು. ಬಾರ ಅಂದ್ರ, ನಾ ಯಾಕವ್ವ ಅಂತಿದ್ಲು."

"ಹಂಗಾರ ಆಕೀನ್ನ ಕರೀರಿ. ಶೇಂಗಾ ತರಸೋಣು."

ರೇಖಾ ಹುರಿದ ಶೇಂಗಾವನ್ನು ಮೊರದಲ್ಲಿ ತಂದಿಟ್ಟಳು. ನಾನು ಎಡ ಅಂಗೈಯನ್ನು ಬಿಡಿಸಿ ಕಾಳುಗಳ ಮೇಲೆ ಇಟ್ಟೆ. ನೀಲವ್ವ ಪಕ್ಕದಲ್ಲಿ ಕೂತವರಿಗೆ ಹೇಳುವಂತೆ ಹೇಳಿದಳು: "ಗಂಗವ್ವ, ತಿಕ್ಕವಾ. ಹೊತ್ತಾತು."

ಬೆರಳುಗಳು ಸ್ವಲ್ಪ ಹೊತ್ತು ಸುಮ್ಮನಿದ್ದವು. ಆಮೇಲೆ ಅಂಗೈ ಒಂದು ಸುತ್ತು ತಿರುಗಿತು. ನಿಂತಿತು. ಇನ್ನೊಂದು ಸುತ್ತು. ಕೆಂಪು ಸಿಪ್ಪೆ ಕಳಚಿ, ಬಾಗಿಲಿಂದ ಬಂದ ಗಾಳಿಗೆ ಎದ್ದು ನಮ್ಮ ಮುಖದ ಮೇಲೆಲ್ಲ ಹಾರಿತು.

ರೇಖಾ ನನ್ನ ಮೊಳಕೈ ಹಿಡಿದುಕೊಂಡಳು. ನಾನು ಅವಳಿಗೆ ಗಟ್ಟಿಯಾಗಿಯೇ ವಿವರಿಸಿದೆ. ಆಜ್ಞೆ ಮಾಡಿದರೆ ಏಳದ ಕೈ ಅಭ್ಯಾಸದ ಕೆಲಸಕ್ಕೆ ಏಳುತ್ತದೆ, ಆ ಹಾದಿಗಳು ಮಿದುಳಿನಲ್ಲಿ ಬೇರೆ. ಅದಕ್ಕೇ ನಮ್ಮ ವಿದ್ಯೆ ಬರೀ ವ್ಯಾಯಾಮ ಮಾಡಿಸದೆ ಕೆಲಸವನ್ನೇ ಮದ್ದು ಮಾಡಿಕೊಂಡಿದೆ. ಆ ಹುಡುಗಿ ಎಲ್ಲವನ್ನೂ ಕೇಳಿದಳು. ಕೊನೆಗೆ, "ಈ ಓದಿಗೆ ಧೈರ್ಯ ಬೇಕೇನ್ರಿ ಅಕ್ಕಾರ?" ಎಂದಳು.

"ಹೊತ್ತಿಗೆ ಸರಿಯಾಗಿ ಬರೋದು ಬೇಕು. ಉಳದದ್ದು ಆಮ್ಯಾಲ ಬರತೈತಿ."

"ನಿಮಗ ಅಂಜಿಕಿ ಬರಂಗಿಲ್ಲ?"

ನಾನು ಬುಟ್ಟಿಗೆ ಕಾಳು ತುಂಬಿದೆ. ಅವಳು ಈಗ ಇದೇ ಓದಿನ ಕೊನೆಯ ವರ್ಷದಲ್ಲಿದ್ದಾಳೆ. ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ.

ದಿನಕ್ಕೊಂದು ಕೆಲಸ ಸೇರಿತು. ಬಲಗೈ ಸೌಟು ಹಿಡಿದರೆ ಎಡಗೈ ಪಾತ್ರೆ ಒತ್ತಿ ಹಿಡಿಯುವುದು. ಬಲಗೈ ಒಗೆದ ಬಟ್ಟೆ ಹಿಂಡಿದರೆ ಎಡಗೈ ಇನ್ನೊಂದು ತುದಿ ಹಿಡಿಯುವುದು. ಪ್ರತಿ ಕೆಲಸಕ್ಕೂ ನೀಲವ್ವ ಗಂಗವ್ವನನ್ನು ಕರೆಯುತ್ತಿದ್ದಳು, ಬೈಯುತ್ತಿದ್ದಳು, ಹೊಗಳುತ್ತಿದ್ದಳು. "ಸತ್ರೂ ಸೋಮಾರಿತನ ಕಲೀಲಿಲ್ಲ ನೋಡ್ರಿ ಇದು!" ನಾನೂ ಆ ಕೈಯನ್ನು ಗಂಗವ್ವ ಎಂದೇ ಕರೆಯತೊಡಗಿದೆ. ಮೊದಮೊದಲು ಅದು ಬರೀ ಕೆಲಸದ ಮಾತಾಗಿತ್ತು.

ಒಂದು ಮಧ್ಯಾಹ್ನ ಊಟವಾದ ಮೇಲೆ ನೀಲವ್ವ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಉಸಿರು ಭಾರವಾಗಿತ್ತು. ನಾನು ಚೀಲ ಕಟ್ಟಿಕೊಳ್ಳುತ್ತ ರೇಖಾಗೆ ಮೆಲ್ಲಗೆ ಹೇಳಿದೆ, "ಗಂಗವ್ವ ಇವತ್ತ ಚಲೋ ಕೆಲಸ ಮಾಡಿದ್ಲು." ಮಂಚದ ಅಂಚಿನಿಂದ ಇಳಿಬಿದ್ದಿದ್ದ ಎಡಗೈ ಮೇಲೆ ಸರಿದು, ಸೆರಗಿನ ತುದಿಯನ್ನು ಹುಡುಕಿ, ತನ್ನನ್ನು ತಾನೇ ಮುಚ್ಚಿಕೊಂಡಿತು. ನೀಲವ್ವನ ಉಸಿರು ಹಾಗೇ ನಡೆದಿತ್ತು.

ನಿದ್ದೆಯಲ್ಲಿ ಕೈಕಾಲು ಅಲುಗುತ್ತವೆ. ಎಲ್ಲರದೂ ಅಲುಗುತ್ತವೆ.

ಅಂದು ನಾನು ಬಸ್ಸಿನ ಹೊತ್ತಿಗಿಂತ ಬಹಳ ಮೊದಲೇ ಆ ಮನೆಯಿಂದ ಎದ್ದೆ.

ಪಂಚಮಿಯ ಮುನ್ನಾದಿನ ಬಳೆಗಾರ್ತಿ ಬಂದಳು. ಲಕ್ಷ್ಮೇಶ್ವರದ ಹುಸೇನಬಿ. ಈ ಮನೆಗೆ ಪ್ರತಿ ವರ್ಷ ಬರುತ್ತಿದ್ದವಳು ಅವಳ ಅತ್ತೆ. ಆಕೆಗೆ ಕಾಲುನೋವಾಗಿ ಈ ಸಲ ಸೊಸೆ ಬಂದಿದ್ದಳು. ಮನೆಯ ಕಥೆ ಅವಳಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲೂ ಇಲ್ಲ. ನಾನು ನೀಲವ್ವನ ಎಡಗಡೆಗೆ, ನೆಲದ ಮೇಲೆ ಕಾಲು ಚಾಚಿ ಕೂತಿದ್ದೆ. ರೇಖಾ ಅಡುಗೆಮನೆಯ ಬಾಗಿಲಲ್ಲಿ. ಫಕೀರಪ್ಪನವರು ತಲೆಬಾಗಿಲಿನಲ್ಲಿ ಚೌಕಟ್ಟು ಹಿಡಿದು ನಿಂತಿದ್ದರು. ಅವರ ಮುಖ ನೋಡಲಾಗುತ್ತಿರಲಿಲ್ಲ.

ಬಲಗೈಗೆ ಹೊಸ ಬಳೆಗಳು ಸರಾಗವಾಗಿ ಏರಿದವು. ಹುಸೇನಬಿ ಎಡಗೈ ತೆಗೆದುಕೊಂಡಳು. ಬೆರಳುಗಳು ಮುಷ್ಟಿಯಾಗಿ ಬಿಗಿದವು. ಅವಳು ಗಾಬರಿಯಾಗಲಿಲ್ಲ, ಆ ಕೈಯನ್ನು ಒತ್ತಿ, ತಿರುಗಿಸಿ, ಹೆಬ್ಬೆರಳಿನ ಬುಡ ನೀವಿ ನೋಡಿದಳು. ಆಮೇಲೆ ಬಲಗೈಯನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು.

"ಯವ್ವಾ, ಇದು ಭಾಳ ವರ್ಷದಿಂದ ಬಳಿ ಕಾಣದ ಕೈ ಐತಲ್ರಿ," ಎಂದಳು. "ಈ ಕೈ ಒಬ್ಬರದು, ಆ ಕೈ ಒಬ್ಬರದು ಇದ್ದಂಗ ಅದಾವು. ಇದಕ್ಕ ಸಣ್ಣ ಅಳತೀದು ಬೇಕು."

ಲಕ್ವ ಹೊಡೆದ ಕೈಯ ಮಾಂಸ ಸೊರಗುತ್ತದೆ, ಕೀಲು ಬಿಗಿಯುತ್ತದೆ, ಅಳತೆ ಇಳಿಯುತ್ತದೆ. ಇದೆಲ್ಲ ನನ್ನ ನಾಲಗೆಯ ತುದಿಯಲ್ಲಿತ್ತು. ಹೊರಗೆ ಬರಲಿಲ್ಲ.

ನೀಲವ್ವ ನಕ್ಕಳು. "ನೋಡಿದ್ರೇನ್ರಿ ಅಕ್ಕಾರ? ನಾ ಸುಳ್ಳ ಹೇಳತೀನಿ ಅಂತಿದ್ರಿ." ಆಮೇಲೆ ತಲೆಬಾಗಿಲಿನ ಕಡೆಗೆ ಮುಖ ತಿರುಗಿಸಿದಳು. ಅದು ಅವಳ ಎಡಗಡೆ. ಯಾರೂ ಹೇಳದೆ, ಕರೆಯದೆ ತಾನಾಗಿ ಆ ಕಡೆಗೆ ತಿರುಗಿದ್ದು ಅದೇ ಮೊದಲು. "ಏನ್ರಿ, ಆಕೀಗೆ ಬಳಿ ಇಡಬಹುದೇನು?"

"ಇಡಸ್ಕೋ ಅಂತ ನಾ ಎಷ್ಟ್ ದಿನದಿಂದ ಬಡಕೋತೀನಿ..."

"ನನಗಲ್ರಿ. ನಾ ನಿಮ್ಮ ಹೆಂಡ್ತಿ, ನನಗ್ಯಾಕ ಕೇಳಬೇಕು? ಆಕೀಗೆ. ಗಂಗವ್ವಗ. ನೀವು ಮನಿ ಹಿರೇರು. ಆಕಿ ಗಂಡ ಸತ್ತಾಗ ಬಳಿ ಒಡಸೋ ಹೊತ್ತಿಗೆ ಹಿಂಗ ಬಾಗಲದಾಗ ನಿಂತಿದ್ರಿ. ಆಕಿ ಕೈ ಕೊಡವಲ್ಲಳಾಗಿದ್ಲು. ಹೊತ್ತಾತು, ಜಲ್ದಿ ಮುಗಸ್ರಿ ಅಂದ್ರಿ. ಆಕಿ ಆಗ ನಮ್ಮ ರೇಖಾನಷ್ಟ ಇದ್ಲು. ಮುಗಿಸಿದವರು ನೀವು. ಇಡು ಅಂತ ನೀವ ಹೇಳಬೇಕು."

ಹುಸೇನಬಿ ಬಳೆಗಳನ್ನು ಹಿಡಿದಂತೆಯೇ ಕೂತಳು. ಮುದುಕರ ಬೆರಳುಗಳು ಚೌಕಟ್ಟಿನ ಮೇಲೆ ಬಿಳುಪೇರಿದ್ದವು. ಅವರಿಗೆ ಬೇಕಾಗಿದ್ದುದು ಹೆಂಡತಿಯ ಕೈಯಲ್ಲಿ ಬಳೆ. ಅವಳು ಕೇಳುತ್ತಿರುವುದು ತಮ್ಮನ ವಿಧವೆಯ ಕೈಗೆ ಬಳೆ. ಅವರು ಆ ಮಾತು ಹೇಳಿದರೆ, ಅಂದು ಹೇಳಿದ್ದು ತಪ್ಪೆಂದು ಈ ಮನೆಯ ಹೊಸ್ತಿಲಲ್ಲೇ ನಿಂತು ಒಪ್ಪಿದಂತೆ. ಹೇಳದಿದ್ದರೆ, ಆ ಮಣಿಕಟ್ಟು ಹಾಗೆಯೇ ಉಳಿಯುತ್ತದೆ. ಇವರು ಅದನ್ನು ನೋಡುತ್ತ ನೋಡುತ್ತ ಹೋಗಿಬಿಡುತ್ತಾರೆ. ನನಗೆ ಅದರಲ್ಲಿ ಅನುಮಾನವಿರಲಿಲ್ಲ.

ಫಕೀರಪ್ಪನವರು ತಲೆಯ ಮೇಲಿನ ಟೋಪಿ ತೆಗೆದರು. ಹೆಂಡತಿಯ ಮುಖ ನೋಡಲಿಲ್ಲ. ಮಡಿಲಲ್ಲಿದ್ದ ಆ ಮುಷ್ಟಿಯನ್ನು ನೋಡಿ ಮಾತಾಡಿದರು.

"ಇಡಸ್ಕೋ ತಂಗಿ," ಎಂದರು. "ನಂದು ತಪ್ಪಾತು. ಇಡಸ್ಕೋ."

ಮುಷ್ಟಿ ಸಡಿಲಿತು. ಒಂದೊಂದೇ ಬೆರಳು ಬಿಚ್ಚಿಕೊಂಡಿತು. ಆಮೇಲೆ, ಬಳೆ ಇಡಿಸಿಕೊಂಡ ಹೆಣ್ಣುಮಕ್ಕಳಿಗಷ್ಟೇ ಗೊತ್ತಿರುವ ಹಾಗೆ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಉಳಿದ ಬೆರಳುಗಳನ್ನು ಕೂಡಿಸಿ, ಆ ಕೈ ತನ್ನನ್ನು ಸಣ್ಣದು ಮಾಡಿಕೊಂಡಿತು. ಹುಸೇನಬಿ ಬಳೆ ಏರಿಸಿದಳು. ಹಸಿರು ಗಾಜು ಎಲುಬಿನ ಮೇಲೆ ಸಣ್ಣಗೆ ಕಿರುಗುಟ್ಟಿ ದಾಟಿ, ಮಣಿಕಟ್ಟಿಗೆ ಬಂದು ಕೂತಿತು. ಇನ್ನೊಂದು. ಮತ್ತೊಂದು. ಯಾವುದೂ ಒಡೆಯಲಿಲ್ಲ.

ನೀಲವ್ವ ಎರಡೂ ಕೈಗಳನ್ನು ಮುಖದ ಮುಂದೆ ಎತ್ತಿ ಹಿಡಿದಳು. ಎರಡನ್ನೂ, ಒಂದೇ ಎತ್ತರಕ್ಕೆ. ಬಳೆಗಳು ಜಾರಿ ಸದ್ದಾದವು.

ಬಹಳ ದಿನಗಳಿಂದ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ನಾನು ಕೇಳಿದೆ. ಅಭ್ಯಾಸಬಲ. "ಇದು ಯಾರ ಕೈ, ನೀಲವ್ವ?"

"ನಂದ್ರಿ," ಎಂದಳು, ಇದೆಂಥ ಪ್ರಶ್ನೆ ಎನ್ನುವಂತೆ. "ಆಕಿ ಈಗ ಎದ್ದು ಹೊಂಟಾಳಲ್ಲ, ಕಾಣವಲ್ದೇನ್ರಿ ನಿಮಗ?"

ತಲೆಬಾಗಿಲಿನಲ್ಲಿ ನಿಂತಿದ್ದ ಫಕೀರಪ್ಪನವರು ಟೋಪಿಯನ್ನು ಎದೆಗೊತ್ತಿಕೊಂಡು ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹುಸೇನಬಿ ಬಳೆಯ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು.

ನಾನೂ ಚಾಚಿದ್ದ ಕಾಲನ್ನು ಮಡಚಿಕೊಂಡೆ.